ನಾಯಿಗೆ ಮಾತು ಬಂತು, ಮಾತು ಕೊಟ್ಟವರಿಗೆ?

ಬೇಸಿಗೆ ರಜೆಯಲ್ಲಿ ಯಾವ ಮಕ್ಕಳ ಚಾನೆಲ್ ಹಾಕಿದರೂ ಒಂದಲ್ಲ ಒಂದು ನಾಯಿ ಮಾತಾಡುತ್ತಿರುತ್ತದೆ. ಅದು ಬೆಕ್ಕಿನ ಜೊತೆ ಜಗಳವಾಡುತ್ತದೆ, ಯಜಮಾನನನ್ನು ಗೇಲಿ ಮಾಡುತ್ತದೆ, ಕೊನೆಗೆ ಮನೆಯವರನ್ನೆಲ್ಲ ಕಾಪಾಡುತ್ತದೆ. ಅಜ್ಜಿಯಿಂದ ಹಿಡಿದು ಯುಕೆಜಿ ಮಗುವಿನವರೆಗೆ ಎಲ್ಲರೂ ಒಟ್ಟಿಗೆ ಕೂತು ನೋಡಬಹುದಾದ ಸಿನಿಮಾ ಇದು. ರಿಮೋಟಿಗಾಗಿ ಕಿತ್ತಾಟವಿಲ್ಲ, ಮುಜುಗರದ ದೃಶ್ಯ ಬಂತೆಂದು ಚಾನೆಲ್ ಬದಲಿಸಬೇಕಾಗಿಲ್ಲ.

ಇಂತಹ ಸಿನಿಮಾಗಳಿಗೆ ಒಳ್ಳೆಯ ಉದಾಹರಣೆ 2001ರಲ್ಲಿ ಬಂದ ಹಾಲಿವುಡ್ ಚಿತ್ರ ‘ಕ್ಯಾಟ್ಸ್ ಆ್ಯಂಡ್ ಡಾಗ್ಸ್’. ಪ್ರೊಫೆಸರ್ ಬ್ರೋಡಿ ಎಂಬ ವಿಜ್ಞಾನಿ ನಾಯಿಯಿಂದ ಬರುವ ಅಲರ್ಜಿಗೆ ಔಷಧ ಕಂಡುಹಿಡಿಯುತ್ತಿರುತ್ತಾನೆ. ಆ ಔಷಧ ಬಂದರೆ ಮನುಷ್ಯರೆಲ್ಲ ನಾಯಿ ಸಾಕಿಬಿಡುತ್ತಾರೆ, ಬೆಕ್ಕುಗಳ ಗತಿ ಏನು? ಮಿಸ್ಟರ್ ಟಿಂಕಲ್ಸ್ ಎಂಬ ಬಿಳಿ ಪರ್ಷಿಯನ್ ಬೆಕ್ಕು ಅದನ್ನು ತಡೆಯಲು ಸಂಚು ಹೂಡುತ್ತದೆ. ಪ್ರೊಫೆಸರ್ ಮನೆಯನ್ನು ಕಾಯುವ ಹೊಣೆ ಅಕಸ್ಮಾತ್ತಾಗಿ ಲೂ ಎಂಬ ಬೀಗಲ್ ಮರಿಯ ಹೆಗಲಿಗೆ ಬೀಳುತ್ತದೆ. ಗೂಢಚಾರ ನಾಯಿಗಳ ರಹಸ್ಯ ಕಚೇರಿ, ಪ್ಯಾರಾಚೂಟಿನಲ್ಲಿ ಇಳಿಯುವ ನಿಂಜಾ ಬೆಕ್ಕುಗಳು, ಇದೆಲ್ಲದರ ನಡುವೆ ತನ್ನ ಜೊತೆ ಆಡಲು ಒಬ್ಬ ಹುಡುಗ ಸಿಕ್ಕರೆ ಸಾಕು ಎಂದುಕೊಳ್ಳುವ ಪುಟ್ಟ ನಾಯಿ. ಸುಮಾರು 6 ಕೋಟಿ ಡಾಲರ್ ಖರ್ಚಿನ ಈ ಚಿತ್ರ ಜಗತ್ತಿನಾದ್ಯಂತ ಸುಮಾರು 20 ಕೋಟಿ ಡಾಲರ್ ಗಳಿಸಿತು. ಮುಂದೆ ಇನ್ನೆರಡು ಭಾಗಗಳೂ ಬಂದವು.

ಚಿತ್ರ ಚೆನ್ನಾಗಿದೆಯೋ ಇಲ್ಲವೋ ಎಂಬುದು ಈ ಬರಹದ ವಿಷಯವಲ್ಲ. ನಮ್ಮ ಕಾಲೇಜುಗಳ ನೋಟಿಸ್ ಬೋರ್ಡಿನಲ್ಲಿ, ಊರಿನ ಬಸ್ ನಿಲ್ದಾಣದ ಗೋಡೆಯಲ್ಲಿ, ಮೊಬೈಲಿನ ರೀಲ್ಸ್ ನಡುವೆ ‘ಅನಿಮೇಷನ್ ಕಲಿಯಿರಿ, ಹಾಲಿವುಡ್ ಸಿನಿಮಾಗಳಿಗೆ ಕೆಲಸ ಮಾಡಿ’ ಎಂಬ ಜಾಹೀರಾತು ಕಾಣುತ್ತಲೇ ಇದೆ. ಪಿಯುಸಿ ಮುಗಿಸಿದವರು, ಡಿಗ್ರಿ ಮುಗಿಸಿ ಕೆಲಸ ಹುಡುಕುತ್ತಿರುವವರು ಅದನ್ನು ನೋಡಿ ನಿಲ್ಲುತ್ತಿದ್ದಾರೆ. ಹಾಗಾಗಿ ಆ ನಾಯಿಯ ಬಾಯಿ ತೆರೆಸಿದವರು ಯಾರು, ಅವರಿಗೆ ಸಿಕ್ಕಿದ್ದೇನು ಎಂದು ನಾವು ಒಮ್ಮೆ ಕೇಳಲೇಬೇಕು.

ಟಾಫಿಯಿಂದ ಕಂಪ್ಯೂಟರಿನವರೆಗೆ

ನಾಯಿಯನ್ನು ಮಾತಾಡಿಸುವ ಆಸೆ ಸಿನಿಮಾಕ್ಕೆ ಮಾತು ಬಂದಷ್ಟೇ ಹಳೆಯದು. 1929ರಿಂದ 1931ರವರೆಗೆ ಎಂಜಿಎಂ ಸಂಸ್ಥೆ ‘ಡಾಗ್‌ವಿಲ್’ ಎಂಬ ಕಿರುಚಿತ್ರಗಳ ಸರಣಿಯನ್ನು ಹೊರತಂದಿತು. ಅದರಲ್ಲಿ ಪಾತ್ರಧಾರಿಗಳೆಲ್ಲ ನಾಯಿಗಳೇ. ಅವಕ್ಕೆ ಕೋಟು, ಟೋಪಿ, ಗೌನು ತೊಡಿಸಿ, ಹಿಂಗಾಲಿನ ಮೇಲೆ ನಿಲ್ಲಿಸಿ, ಮನುಷ್ಯರ ದನಿಯನ್ನು ಜೋಡಿಸುತ್ತಿದ್ದರು. ದವಡೆ ಆಡಲಿ ಎಂದು ಬಾಯಿಗೆ ಟಾಫಿ ಹಾಕುತ್ತಿದ್ದರಂತೆ. ನಗು ಬರಿಸಿದ ಆ ಚಿತ್ರಗಳ ಮೇಲೆ ಪ್ರಾಣಿಹಿಂಸೆಯ ಆರೋಪವೂ ಬಂತು.

ಆಮೇಲೆ ಬೇರೆ ಬೇರೆ ದಾರಿ ಹುಡುಕಿದರು. 1993ರ ‘ಹೋಮ್‌ವರ್ಡ್ ಬೌಂಡ್’ ಚಿತ್ರದಲ್ಲಿ ಎರಡು ನಾಯಿ, ಒಂದು ಬೆಕ್ಕು ಮನೆ ಹುಡುಕಿಕೊಂಡು ಕಾಡು ದಾಟುತ್ತವೆ. ಅವುಗಳ ಮಾತು ನಮಗೆ ಕೇಳಿಸುತ್ತದೆ, ಆದರೆ ಬಾಯಿ ಆಡುವುದಿಲ್ಲ. 1995ರ ‘ಬೇಬ್’ ಚಿತ್ರದಲ್ಲಿ ಲೆಕ್ಕ ಬದಲಾಯಿತು. ಹಂದಿಮರಿ, ಅದನ್ನು ಸಾಕುವ ಬಾರ್ಡರ್ ಕಾಲಿ ನಾಯಿ, ಕುರಿಗಳು ಎಲ್ಲವೂ ನಿಜವಾದ ಪ್ರಾಣಿಗಳೇ. ಅಗತ್ಯವಿದ್ದಲ್ಲಿ ಯಂತ್ರದ ಗೊಂಬೆಗಳನ್ನು ಬಳಸಿದರು. ನಿಜವಾದ ಪ್ರಾಣಿಗಳ ಬಾಯಿಯನ್ನು ಮಾತ್ರ ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿದರು. ಲಾಸ್ ಏಂಜಲೀಸ್‌ನ ರಿದಮ್ ಆ್ಯಂಡ್ ಹ್ಯೂಸ್ ಎಂಬ ಸ್ಟುಡಿಯೊ ಆ ಕೆಲಸ ಮಾಡಿತ್ತು. ಅತ್ಯುತ್ತಮ ವಿಷುವಲ್ ಎಫೆಕ್ಟ್ಸ್ ಆಸ್ಕರ್ ಅದಕ್ಕೆ ಬಂತು. ‘ಕ್ಯಾಟ್ಸ್ ಆ್ಯಂಡ್ ಡಾಗ್ಸ್’ನ ನಾಯಿಗಳಿಗೆ ಮಾತು ಕೊಟ್ಟವರಲ್ಲೂ ಇದೇ ಸ್ಟುಡಿಯೊದವರಿದ್ದರು.

ಈ ಕೆಲಸ ಎಷ್ಟು ಸೂಕ್ಷ್ಮವಾದದ್ದು ಎಂದು ತಿಳಿಯಲು ಕನ್ನಡಿಯ ಮುಂದೆ ನಿಂತು ‘ಅಪ್ಪ’, ‘ಅಮ್ಮ’ ಎಂದು ಹೇಳಿ ನೋಡಿ. ಎರಡು ತುಟಿ ಸೇರದೆ ಆ ಎರಡು ಪದ ಹೊರಡುವುದೇ ಇಲ್ಲ. ಒಂದನೇ ತರಗತಿಯಲ್ಲಿ ಉರು ಹೊಡೆದ ಪ, ಫ, ಬ, ಭ, ಮ ಅಷ್ಟೂ ತುಟಿಯಲ್ಲೇ ಹುಟ್ಟುವ ಅಕ್ಷರಗಳು. ನಾಯಿಯ ಬಾಯಿ ಕೆನ್ನೆಯ ತನಕ ಸೀಳಿದೆ, ಮೇಲ್ತುಟಿ ಜೋತುಬಿದ್ದಿದೆ, ನಮ್ಮಂತೆ ತುಟಿ ಸುತ್ತಿ ಊದಲು ಅದಕ್ಕೆ ಆಗದು. ಅಂಥ ಬಾಯಿಯಿಂದ ‘ಅಮ್ಮ’ ಎನ್ನಿಸಬೇಕು, ಆದರೂ ಅದು ನಾಯಿಯಾಗಿಯೇ ಉಳಿಯಬೇಕು. ತುಸು ಹೆಚ್ಚಾದರೆ ವಿಕಾರ, ತುಸು ಕಡಿಮೆಯಾದರೆ ಬಾಯಿಗೂ ಮಾತಿಗೂ ಸಂಬಂಧವೇ ಇಲ್ಲದಂತೆ ಕಾಣುತ್ತದೆ.

ಮೊದಲು ತರಬೇತಿ ಪಡೆದ ನಿಜವಾದ ನಾಯಿಯನ್ನು ಚಿತ್ರೀಕರಿಸುತ್ತಾರೆ. ಆಮೇಲೆ ಅದರ ತಲೆ ಯಾವ ಕ್ಷಣದಲ್ಲಿ ಯಾವ ಕಡೆ ಎಷ್ಟು ತಿರುಗಿತು ಎಂಬುದನ್ನು ಕಂಪ್ಯೂಟರಿನಲ್ಲಿ ಗುರುತು ಹಾಕಬೇಕು. ಇದಕ್ಕೆ ಮ್ಯಾಚ್‌ಮೂವ್ ಎನ್ನುತ್ತಾರೆ. ನಾಯಿಯ ಅಂಚನ್ನು ಹಿನ್ನೆಲೆಯಿಂದ ಕೂದಲೆಳೆಯಂತೆ ಬಿಡಿಸಬೇಕು, ಅದು ರೋಟೊ. ಕೊರಳಿನ ಬೆಲ್ಟು, ತರಬೇತುದಾರನ ಕೈ, ನೆಲದ ಮೇಲಿನ ಗುರುತು ಇವನ್ನೆಲ್ಲ ಅಳಿಸಬೇಕು, ಅದು ಪೇಂಟ್. ನಂತರ ಮೂತಿಯನ್ನು ತ್ರೀಡಿಯಲ್ಲಿ ಕಟ್ಟಿ, ಅದರ ಮೇಲೆ ರೋಮ ಬೆಳೆಸಿ, ಸಂಭಾಷಣೆಗೆ ತಕ್ಕಂತೆ ತುಟಿ ಆಡಿಸಿ, ಚಿತ್ರೀಕರಣದ ದಿನ ಇದ್ದ ಬೆಳಕನ್ನೇ ಅದರ ಮೇಲೂ ಬೀಳಿಸಿ, ಎಲ್ಲವನ್ನೂ ಒಂದರೊಳಗೊಂದು ಬೆರೆಸಬೇಕು. ಸಿನಿಮಾದಲ್ಲಿ ಸೆಕೆಂಡಿಗೆ 24 ಫ್ರೇಮ್. ನಾಯಿ ಮೂರು ಸೆಕೆಂಡು ಮಾತಾಡಿದರೆ 72 ಚಿತ್ರಗಳನ್ನು ಒಂದೊಂದಾಗಿ ತಿದ್ದಿದಂತೆ. ನಾವು ನಕ್ಕು ಮುಗಿಸುವಷ್ಟರಲ್ಲಿ ಒಬ್ಬರ ಒಂದು ವಾರದ ದುಡಿಮೆ ಕಣ್ಣ ಮುಂದೆ ಹಾದುಹೋಗಿರುತ್ತದೆ.

ಮೈಕ್ ನಿಂತ ಆ ರಾತ್ರಿ

‘ಬೇಬ್’ಗೆ ಆಸ್ಕರ್ ಗೆದ್ದ ಸ್ಟುಡಿಯೊದ ಮುಂದಿನ ಕಥೆ ಕೇಳಿ. 2012ರಲ್ಲಿ ಬಂದ ‘ಲೈಫ್ ಆಫ್ ಪೈ’ ಚಿತ್ರದ ಹುಲಿಯನ್ನು ಸೃಷ್ಟಿಸಿದ್ದು ಇದೇ ರಿದಮ್ ಆ್ಯಂಡ್ ಹ್ಯೂಸ್. ಅದರ ಮುಂಬೈ ಮತ್ತು ಹೈದರಾಬಾದ್ ಶಾಖೆಗಳ ನಮ್ಮ ಹುಡುಗ ಹುಡುಗಿಯರೂ ಆ ಚಿತ್ರಕ್ಕೆ ದುಡಿದಿದ್ದರು. ಚಿತ್ರ 60 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು. ಆದರೆ 2013ರ ಫೆಬ್ರುವರಿಯಲ್ಲಿ ಸ್ಟುಡಿಯೊ ದಿವಾಳಿ ಅರ್ಜಿ ಹಾಕಿತು, ನೂರಾರು ಜನ ಕೆಲಸ ಕಳೆದುಕೊಂಡರು. ಅದೇ ತಿಂಗಳ 24ರಂದು ಅದೇ ಚಿತ್ರಕ್ಕೆ ಅತ್ಯುತ್ತಮ ವಿಷುವಲ್ ಎಫೆಕ್ಟ್ಸ್ ಆಸ್ಕರ್ ಬಂತು. ಸಭಾಂಗಣದ ಹೊರಗೆ ನೂರಾರು ಗ್ರಾಫಿಕ್ಸ್ ಕಲಾವಿದರು ಪ್ರತಿಭಟಿಸುತ್ತಿದ್ದರು. ಒಳಗೆ ವೇದಿಕೆಯ ಮೇಲೆ ಪ್ರಶಸ್ತಿ ಸ್ವೀಕರಿಸಿದ ಬಿಲ್ ವೆಸ್ಟನ್‌ಹೋಫರ್ ತಮ್ಮ ಸ್ಟುಡಿಯೊದ ಸಂಕಷ್ಟದ ಮಾತೆತ್ತಿದರು. ಸಮಯ ಮುಗಿಯಿತೆಂದು ‘ಜಾಸ್’ ಚಿತ್ರದ ಸಂಗೀತ ಮೊಳಗಿತು, ಮೈಕ್ ನಿಂತಿತು.

ಹಂದಿ, ನಾಯಿ, ಕುರಿ ಎಲ್ಲವನ್ನೂ ಮಾತಾಡಿಸಿದವರಿಗೆ ತಮ್ಮ ಮಾತು ಪೂರ್ತಿ ಮಾಡಲು ಒಂದು ನಿಮಿಷ ಸಿಗಲಿಲ್ಲ.

ಗೆದ್ದ ಚಿತ್ರದ ಹಿಂದಿನವರು ಸೋತಿದ್ದು ಹೇಗೆ? ಕಾರಣ ಲೆಕ್ಕಾಚಾರದಲ್ಲಿದೆ. ಇಷ್ಟು ಶಾಟ್‌ಗೆ ಇಷ್ಟು ಹಣ ಎಂದು ಸ್ಟುಡಿಯೊಗಳು ಮೊದಲೇ ಗುತ್ತಿಗೆ ಹಿಡಿಯುತ್ತವೆ. ಕೆಲಸ ತಮಗೇ ಸಿಗಲಿ ಎಂದು ಒಬ್ಬರಿಗಿಂತ ಒಬ್ಬರು ಕಡಿಮೆ ದರ ಹೇಳುತ್ತಾರೆ. ಆಮೇಲೆ ನಿರ್ದೇಶಕರು ‘ನಾಯಿಯ ಹುಬ್ಬು ಇನ್ನೂ ಸ್ವಲ್ಪ ಮೇಲೇರಲಿ’ ಎಂದರೆ ಎಲ್ಲ ಮತ್ತೆ ಮೊದಲಿನಿಂದ. ಹೆಚ್ಚಾದ ದಿನಗಳ ಖರ್ಚು ಬಹುಪಾಲು ಸ್ಟುಡಿಯೊದ ತಲೆಗೇ. ಚಿತ್ರ ಎಷ್ಟು ಕೋಟಿ ಗಳಿಸಿದರೂ ಅದರಲ್ಲಿ ಇವರಿಗೆ ಪಾಲಿಲ್ಲ. ಮನೆ ಕಟ್ಟುವ ಮೇಸ್ತ್ರಿಗೆ ಗುತ್ತಿಗೆಯ ಹಣ ಮೊದಲೇ ಗೊತ್ತುಮಾಡಿ, ಗೋಡೆಯನ್ನು ಹತ್ತು ಸಲ ಒಡೆಸಿ ಕಟ್ಟಿಸಿದ ಹಾಗೆ. ಆ ಒತ್ತಡ ಮೇಲಿನಿಂದ ಇಳಿಯುತ್ತಾ ಇಳಿಯುತ್ತಾ ಕೊನೆಗೆ ರಾತ್ರಿ ಎರಡು ಗಂಟೆಗೆ ಕಂಪ್ಯೂಟರಿನ ಮುಂದೆ ಕೂತ ಹುಡುಗನ ಬೆನ್ನಿಗೆ ಬಂದು ನಿಲ್ಲುತ್ತದೆ.

ಬೆಂಗಳೂರಿನ ಬಾಯಿ, ಬೇರೆಯವರ ಭಾಷೆ

ಇದು ದೂರದ ಅಮೆರಿಕದ ಕಥೆ ಎಂದುಕೊಳ್ಳಬೇಕಿಲ್ಲ. ರೋಟೊ, ಪೇಂಟ್, ಮ್ಯಾಚ್‌ಮೂವ್‌ನಂತಹ ತಾಳ್ಮೆ ಬೇಡುವ ಕೆಲಸಗಳ ದೊಡ್ಡ ಭಾಗ ಭಾರತಕ್ಕೆ ಬರುತ್ತದೆ. ಅದರಲ್ಲಿ ಬೆಂಗಳೂರಿನ ಪಾಲು ಸಣ್ಣದಲ್ಲ. ಈ ಕ್ಷೇತ್ರಕ್ಕೆಂದೇ ದೇಶದಲ್ಲಿ ಮೊದಲ ಬಾರಿಗೆ ನೀತಿ ರೂಪಿಸಿದ ರಾಜ್ಯ ಕರ್ನಾಟಕ, ಅದು 2012ರಲ್ಲಿ. ಈಗ 2024ರಿಂದ 2029ರವರೆಗಿನ ಮೂರನೇ ನೀತಿ ಜಾರಿಯಲ್ಲಿದೆ.

2019ರಲ್ಲಿ ಡಿಸ್ನಿ ತನ್ನ ಹಳೆಯ ಕಾರ್ಟೂನ್ ‘ಲೇಡಿ ಆ್ಯಂಡ್ ದಿ ಟ್ರ್ಯಾಂಪ್’ ಅನ್ನು ನಿಜವಾದ ನಾಯಿಗಳನ್ನೇ ಬಳಸಿ ಮತ್ತೆ ತೆಗೆಯಿತು. ಅನಾಥ ನಾಯಿಗಳ ಆಶ್ರಯದಾಣದಿಂದ ತಂದ ಮಾಂಟೆ ಎಂಬ ನಾಯಿ ನಾಯಕನಾಯಿತು. ಅವುಗಳನ್ನು ಮಾತಾಡಿಸಿದ್ದು ಎಂಪಿಸಿ ಸಂಸ್ಥೆ. 2016ರ ‘ದಿ ಜಂಗಲ್ ಬುಕ್’, 2019ರ ‘ದಿ ಲಯನ್ ಕಿಂಗ್’ ಚಿತ್ರಗಳ ಪ್ರಾಣಿಗಳ ಹಿಂದೆ ಇದ್ದದ್ದೂ ಎಂಪಿಸಿ. ಅದರ ದೊಡ್ಡ ಸ್ಟುಡಿಯೊ ಬೆಂಗಳೂರಿನಲ್ಲಿತ್ತು. ‘ಜಂಗಲ್ ಬುಕ್’ಗೆ ಆಸ್ಕರ್ ಬಂದಾಗ ನಮ್ಮ ಪತ್ರಿಕೆಗಳೂ ಹೆಮ್ಮೆಯಿಂದ ಬರೆದವು.

ಇಲ್ಲೊಂದು ವಿಚಿತ್ರ ನೋಡಿ. ‘ಜಂಗಲ್ ಬುಕ್’ ಭಾರತದಲ್ಲಿ ಇಂಗ್ಲಿಷ್, ಹಿಂದಿ, ತಮಿಳು, ತೆಲುಗಿನಲ್ಲಿ ತೆರೆಕಂಡಿತು. ‘ಲಯನ್ ಕಿಂಗ್’ ಕೂಡ ಹಾಗೆಯೇ. ಬೆಂಗಳೂರಿನ ಕಲಾವಿದರ ಕೈ ಸೇರಿದ್ದ ಆ ಪ್ರಾಣಿಗಳು ಚಿತ್ರಮಂದಿರದಲ್ಲಿ ಕನ್ನಡ ಮಾತಾಡಲಿಲ್ಲ. ದಶಕಗಳ ಕಾಲ ಇಲ್ಲಿ ಡಬ್ಬಿಂಗಿಗೆ ಅಘೋಷಿತ ನಿಷೇಧವಿತ್ತು. ನಮ್ಮ ಚಿತ್ರೋದ್ಯಮ, ನಮ್ಮ ಕಲಾವಿದರು ಉಳಿಯಲಿ ಎಂಬ ಕಾಳಜಿ ಅದರ ಹಿಂದಿತ್ತು. ಆ ಕಾಲಕ್ಕೆ ಆ ಕಾಳಜಿ ಸುಳ್ಳೂ ಆಗಿರಲಿಲ್ಲ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಆ ಅಡ್ಡಿಯನ್ನು ತಪ್ಪೆಂದು ಹೇಳಿ ದಂಡ ಹಾಕಿದ ಮೇಲೆ ಬಾಗಿಲು ತೆರೆಯಿತು. ಆದರೂ ಮಕ್ಕಳ ಸಿನಿಮಾಗಳ ವಿಷಯದಲ್ಲಿ ಕನ್ನಡ ಇನ್ನೂ ಹೊಸ್ತಿಲಲ್ಲೇ ನಿಂತಿದೆ. ಹಳ್ಳಿಯ ಮಗು ಮಾತಾಡುವ ನಾಯಿಯನ್ನು ಹಿಂದಿಯಲ್ಲಿ ನೋಡಿ, ಅರ್ಧ ಅರ್ಥ ಮಾಡಿಕೊಂಡು, ಇನ್ನರ್ಧ ಊಹಿಸಿಕೊಂಡು ನಗುತ್ತದೆ.

ಇದನ್ನು ಭಾಷಾಭಿಮಾನದ ದೂರಾಗಿ ಮಾತ್ರ ನೋಡಬೇಡಿ, ಉದ್ಯೋಗದ ಲೆಕ್ಕವಾಗಿಯೂ ನೋಡಿ. ಒಂದು ಚಿತ್ರ ಕನ್ನಡಕ್ಕೆ ಬಂದರೆ ಸಂಭಾಷಣೆ ಬರೆಯುವವರು, ತುಟಿಗೆ ತಕ್ಕ ಪದ ಹುಡುಕುವವರು, ಕಂಠದಾನ ಮಾಡುವವರು, ಧ್ವನಿ ತಂತ್ರಜ್ಞರು ಹೀಗೆ ಹತ್ತಾರು ಜನರಿಗೆ ಕೆಲಸ. ಕನ್ನಡ ಎಂ.ಎ. ಮಾಡಿದವರಿಗೆ ಮೇಷ್ಟ್ರ ಕೆಲಸವೊಂದೇ ಗತಿಯಲ್ಲ ಎಂದು ಹೇಳಲು ಇದಕ್ಕಿಂತ ಒಳ್ಳೆಯ ದಾರಿ ಬೇಕೆ? 2022ರಲ್ಲಿ ನಮ್ಮ ‘777 ಚಾರ್ಲಿ’ ಕನ್ನಡದ ಜೊತೆ ತಮಿಳು, ತೆಲುಗು, ಮಲಯಾಳ, ಹಿಂದಿಯಲ್ಲೂ ಬಂತು. ಒಂದು ಮಾತೂ ಆಡದ ಚಾರ್ಲಿ ಐದು ಭಾಷೆಗಳ ಜನರನ್ನು ಮುಟ್ಟಿದಳು. ಎಷ್ಟೋ ಮಾತಾಡುವ ನಾಯಿಗಳು ಕನ್ನಡದ ಮಗುವಿನ ಬಳಿಗೆ ಬರಲಿಲ್ಲ.

ಬಾಗಿಲು ಮುಚ್ಚಿದಾಗ

2025ರ ಫೆಬ್ರುವರಿಯಲ್ಲಿ ಎಂಪಿಸಿಯ ಮಾತೃಸಂಸ್ಥೆಯಾದ ಟೆಕ್ನಿಕಲರ್ ಸಮೂಹ ಕುಸಿಯಿತು. ಸಾಲದ ಹೊರೆ ಮೊದಲೇ ಇತ್ತು. 2023ರಲ್ಲಿ ಹಾಲಿವುಡ್‌ನ ಲೇಖಕರೂ ನಟರೂ ತಿಂಗಳುಗಟ್ಟಲೆ ಮುಷ್ಕರ ಹೂಡಿದ್ದರಿಂದ ಕೆಲಸ ಬರುವುದು ಕಡಿಮೆಯಾಗಿತ್ತು. ಪ್ಯಾರಿಸ್, ಲಂಡನ್‌ನಲ್ಲಿ ಎದ್ದ ಬಿರುಗಾಳಿ ಬೆಂಗಳೂರಿನ ಕಚೇರಿಯನ್ನೂ ಮುಚ್ಚಿಸಿತು. ಭಾರತದಲ್ಲಿ ಸಾವಿರಾರು ಜನರ ಕೆಲಸ ಕೆಲವೇ ದಿನಗಳಲ್ಲಿ ಹೋಯಿತು. ತಿಂಗಳ ಸಂಬಳದ ಗತಿ ಏನು ಎಂಬ ಪ್ರಶ್ನೆ ಹಿಡಿದು ಯುವಕ ಯುವತಿಯರು ಕಂಗಾಲಾದರು.

ದೊಡ್ಡ ಸಂಸ್ಥೆಯಾದ್ದರಿಂದ ಸುದ್ದಿಯಾಯಿತು. ಸಣ್ಣ ಸ್ಟುಡಿಯೊಗಳು ಮುಚ್ಚಿದರೆ ಪಕ್ಕದ ಬೀದಿಗೂ ತಿಳಿಯುವುದಿಲ್ಲ. ನನ್ನ ಪಿಯುಸಿ ಸಹಪಾಠಿಯೊಬ್ಬ ಅಂಥದ್ದೊಂದು ಸ್ಟುಡಿಯೊದಲ್ಲಿ ಎರಡು ವರ್ಷ ರೋಟೊ ಮಾಡಿದ. ಗಾಳಿಗೆ ಅಲುಗುವ ರೋಮದ ಅಂಚು ಬಿಡಿಸುವುದರಲ್ಲಿ ಅವನ ಕೈ ಪಳಗಿತ್ತು. ಊರಿನಲ್ಲಿ ಅವನ ಅಮ್ಮ ಫೋನ್ ಮಾಡಿ, ‘ಯಾವ ಪಿಚ್ಚರ್ ಮಾಡ್ತಿದ್ದೀಯ ಮಗಾ, ಹೇಳು, ನಾವೂ ನೋಡ್ತೀವಿ’ ಎಂದರೆ ಇವನು ಹೇಳುವಂತಿರಲಿಲ್ಲ, ಗೋಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿದ್ದ. ಚಿತ್ರ ಬಿಡುಗಡೆಯಾದ ಮೇಲೆ ಹೇಳೋಣವೆಂದರೆ ಕೊನೆಯಲ್ಲಿ ಓಡುವ ಹೆಸರುಗಳ ಪಟ್ಟಿಯಲ್ಲಿ ಇವನ ಹೆಸರಿರಲಿಲ್ಲ. ಗುತ್ತಿಗೆಯ ಮೇಲೆ ಗುತ್ತಿಗೆ ಇಳಿದುಬಂದ ಕೆಲಸವಾದ್ದರಿಂದ ಪಟ್ಟಿ ಅವನ ತನಕ ಇಳಿಯಲಿಲ್ಲ. ಪ್ರಾಜೆಕ್ಟ್ ಇಲ್ಲವೆಂದು ಒಂದು ಸಂಜೆ ಎಲ್ಲರನ್ನೂ ಮನೆಗೆ ಕಳಿಸಿದರು. ಈಗ ಅವನು ಊರಿನ ಗ್ರಂಥಾಲಯದಲ್ಲಿ ಪಿಡಿಒ ಪರೀಕ್ಷೆಗೆ ಓದುತ್ತಿದ್ದಾನೆ. ‘ಯಾವ ಅನುಭವ ಪತ್ರವೂ ಕೈಯಲ್ಲಿಲ್ಲ, ಆ ಎರಡು ವರ್ಷ ಏನು ಮಾಡಿದೆ ಅಂತ ಸಂದರ್ಶನದಲ್ಲಿ ಹೇಗೆ ತೋರಿಸಲಿ?’ ಎಂಬುದು ಅವನ ಪ್ರಶ್ನೆ.

ಕನ್ನಡದಲ್ಲಿ ಕಷ್ಟದ ಬದುಕಿಗೆ ನಾಯಿಪಾಡು ಎನ್ನುತ್ತೇವೆ. ಆದರೆ ಸಿನಿಮಾದ ನಾಯಿಯ ಪಾಡು ಹಾಗಿಲ್ಲ. ಅದಕ್ಕೆ ಕಾಯ್ದೆ ಇದೆ.

ನಾಯಿಗಿರುವ ನಿಯಮ ನಮಗೇಕಿಲ್ಲ?

ಸಿನಿಮಾ ಶುರುವಾಗುವ ಮೊದಲು ಬರುವ ಸಾಲನ್ನು ನೀವು ಗಮನಿಸಿರಬಹುದು: ಈ ಚಿತ್ರದಲ್ಲಿ ಯಾವುದೇ ಪ್ರಾಣಿಗೆ ಹಿಂಸೆ ಮಾಡಿಲ್ಲ. ಭಾರತದಲ್ಲಿ ಪ್ರಾಣಿಗಳನ್ನು ಬಳಸಿ ಚಿತ್ರ ತೆಗೆಯುವವರು ಪ್ರಾಣಿ ಕಲ್ಯಾಣ ಮಂಡಳಿಯಿಂದ ಅನುಮತಿ ಪಡೆಯಬೇಕು, 2001ರ ನಿಯಮಗಳು ಹಾಗೆ ಹೇಳುತ್ತವೆ. ಅಮೆರಿಕದಲ್ಲಿ ಈ ಪದ್ಧತಿ ಬಂದದ್ದಕ್ಕೂ ಒಂದು ಕಾರಣವಿದೆ. 1939ರ ‘ಜೆಸ್ಸಿ ಜೇಮ್ಸ್’ ಚಿತ್ರೀಕರಣದಲ್ಲಿ ಕುದುರೆಯನ್ನು ಬಂಡೆಯ ಮೇಲಿಂದ ನೀರಿಗೆ ಬೀಳಿಸಿ ಕೊಂದಾಗ ಜನ ಸಿಟ್ಟಿಗೆದ್ದರು. ಮರುವರ್ಷವೇ ‘ಅಮೆರಿಕನ್ ಹ್ಯೂಮೇನ್’ ಸಂಸ್ಥೆ ಚಿತ್ರೀಕರಣಗಳ ಮೇಲೆ ಕಣ್ಣಿಡಲು ಆರಂಭಿಸಿತು. ಪ್ರೇಕ್ಷಕರು ಕೇಳಿದರು, ನಿಯಮ ಬಂತು.

ಇದು ಒಳ್ಳೆಯ ನಿಯಮ, ಇರಲೇಬೇಕು. ಬಾಯಿಗೆ ಟಾಫಿ ಹಾಕಿ ಆಡಿಸುತ್ತಿದ್ದ ಕಾಲ ಹೋಗಿ, ನಾಯಿಯನ್ನು ಮುಟ್ಟದೆಯೇ ಮಾತಾಡಿಸುವ ತಂತ್ರಜ್ಞಾನ ಬಂದದ್ದು ನಾಯಿಯ ಪಾಲಿಗೆ ದೊಡ್ಡ ಉಪಕಾರ. ಆದರೆ ನಾಯಿಯ ಮೇಲಿಂದ ಇಳಿದ ಭಾರ ಮನುಷ್ಯರ ಮೇಲೆ ಬಿತ್ತಲ್ಲ, ಅದನ್ನು ಯಾರು ನೋಡಬೇಕು? ‘ಈ ಚಿತ್ರಕ್ಕೆ ದುಡಿದ ಯಾರ ಸಂಬಳವೂ ಬಾಕಿ ಉಳಿದಿಲ್ಲ’ ಎಂಬ ಸಾಲನ್ನು ನಾನು ಯಾವ ಸಿನಿಮಾದ ಮೊದಲೂ ಕೊನೆಯಲ್ಲೂ ಕಂಡಿಲ್ಲ.

ನಮ್ಮ ರಾಜ್ಯವನ್ನೇ ತೆಗೆದುಕೊಳ್ಳಿ. ಕೆಲಸದ ವೇಳೆ, ರಜೆ, ಶಿಸ್ತುಕ್ರಮ, ವಜಾ ಮಾಡುವ ವಿಧಾನ ಇವನ್ನೆಲ್ಲ ಲಿಖಿತವಾಗಿ ಗೊತ್ತುಪಡಿಸಬೇಕೆಂದು 1946ರ ಸ್ಥಾಯಿ ಆದೇಶಗಳ ಕಾಯ್ದೆ ಹೇಳುತ್ತಿತ್ತು. ಐಟಿ ಜೊತೆಗೆ ಅನಿಮೇಷನ್, ಗೇಮಿಂಗ್, ಕಂಪ್ಯೂಟರ್ ಗ್ರಾಫಿಕ್ಸ್ ಕ್ಷೇತ್ರಗಳಿಗೆ ಕರ್ನಾಟಕ ಅದರಿಂದ ವಿನಾಯಿತಿ ಕೊಡುತ್ತಾ ಬಂತು. 2024ರಲ್ಲಿ ಮತ್ತೆ ಐದು ವರ್ಷಕ್ಕೆ ವಿಸ್ತರಿಸಿತು. ದೂರು ಪರಿಹಾರ ಸಮಿತಿ ಇರಬೇಕು ಎಂಬಂತಹ ಷರತ್ತುಗಳೇನೋ ಇವೆ. ಆದರೆ ಮೂವತ್ತು ಜನರ ಸ್ಟುಡಿಯೊದಲ್ಲಿ ಯಜಮಾನರ ವಿರುದ್ಧ ದೂರು ಕೊಟ್ಟು ಮರುದಿನ ಅದೇ ಕುರ್ಚಿಯಲ್ಲಿ ಕೂರಬಲ್ಲವರು ಎಷ್ಟು ಜನ? ಒಂದು ಕೈಯಲ್ಲಿ ಉದ್ಯಮಕ್ಕೆ ನೀತಿ, ಸಬ್ಸಿಡಿ, ಸಮ್ಮೇಳನ. ಇನ್ನೊಂದು ಕೈಯಲ್ಲಿ ದುಡಿಯುವವರಿಗೆ ಇದ್ದ ರಕ್ಷಣೆಯಲ್ಲೂ ಕಡಿತ. ಈ ಎರಡು ಕೈ ಒಂದೇ ಸರ್ಕಾರದವು ಎಂಬುದು ಯೋಚಿಸಬೇಕಾದ ಸಂಗತಿ.

‘ಯಾವ ಕ್ಷೇತ್ರದಲ್ಲಿ ಏರಿಳಿತವಿಲ್ಲ? ನಿಯಮ ಬಿಗಿ ಮಾಡಿದರೆ ಕೆಲಸವೇ ಬೇರೆ ರಾಜ್ಯಕ್ಕೆ, ಬೇರೆ ದೇಶಕ್ಕೆ ಹೋಗುತ್ತದೆ’ ಎಂದು ಕೆಲವರು ಹೇಳುತ್ತಾರೆ. ಅದರಲ್ಲಿ ನಿಜವಿದೆ. ಈ ಉದ್ಯಮ ಎಲ್ಲಿ ರಿಯಾಯಿತಿ ಹೆಚ್ಚೋ ಅಲ್ಲಿಗೆ ಹಾರುತ್ತದೆ. ಇದೇ ಉದ್ಯಮ ಸಣ್ಣ ಊರುಗಳ ಎಷ್ಟೋ ಪ್ರತಿಭಾವಂತರಿಗೆ ಇಂಗ್ಲಿಷ್ ಬಾರದಿದ್ದರೂ ಕೈಚಳಕ ನೋಡಿ ಕೆಲಸ ಕೊಟ್ಟಿದೆ ಎಂಬುದೂ ನಿಜ. ಆದರೆ ನೇಮಕಾತಿ ಪತ್ರ, ಸಮಯಕ್ಕೆ ಸಂಬಳ, ಹೆಚ್ಚುವರಿ ಗಂಟೆಗೆ ಹಣ, ಬಿಡುವಾಗ ಅನುಭವ ಪತ್ರ, ಪರದೆಯ ಮೇಲೆ ಹೆಸರು ಇಷ್ಟು ಕೇಳಿದರೆ ಓಡಿಹೋಗುವ ಉದ್ಯಮವನ್ನು ಹಿಡಿದಿಟ್ಟುಕೊಂಡು ನಾವು ಗಳಿಸುವುದೇನು? ಅಲ್ಲದೆ ರೋಟೊದಂತಹ ಕೆಲಸಕ್ಕೆ ಈಗ ಎಐ ಬಂದಿದೆ. ಅಗ್ಗದ ಕೈಗಳೇ ನಮ್ಮ ಬಂಡವಾಳ ಎಂದು ನಂಬಿ ಕೂತರೆ ಅದಕ್ಕಿಂತ ಅಗ್ಗದ ಯಂತ್ರ ಬಂದ ದಿನ ಆ ಬಂಡವಾಳ ಮುಗಿಯುತ್ತದೆ. ಕಣ್ಣು, ಕಲ್ಪನೆ, ಕಥೆ ಇರುವ ಕಲಾವಿದರನ್ನು ಬೆಳೆಸಿದರೆ ಮಾತ್ರ ಈ ಕ್ಷೇತ್ರ ಇಲ್ಲಿ ಉಳಿಯುತ್ತದೆ.

2025ರ ನವೆಂಬರ್‌ನಲ್ಲಿ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಎಲ್ಲ ಕೆಲಸಗಾರರಿಗೂ ನೇಮಕಾತಿ ಪತ್ರ ಕೊಡಬೇಕು, ನಿಗದಿತ ಅವಧಿಗೆ ನೇಮಕವಾದವರಿಗೆ ಒಂದು ವರ್ಷ ಸಲ್ಲಿಸಿದ ಮೇಲೆ ಗ್ರಾಚ್ಯುಟಿ ಸಿಗಬೇಕು ಎಂದು ಅವು ಹೇಳುತ್ತವೆ. ಈ ಸಂಹಿತೆಗಳ ಬಗ್ಗೆ ಕಾರ್ಮಿಕ ಸಂಘಟನೆಗಳಿಗೆ ಬೇರೆ ಆಕ್ಷೇಪಗಳಿವೆ, ಅದು ಬೇರೆ ಚರ್ಚೆ. ಪ್ರಾಜೆಕ್ಟ್‌ನಿಂದ ಪ್ರಾಜೆಕ್ಟಿಗೆ ದುಡಿಯುವ ಗ್ರಾಫಿಕ್ಸ್ ಕಲಾವಿದರಿಗೆ ಈ ಎರಡು ಅಂಶವಾದರೂ ಕಾಗದದಿಂದ ಇಳಿದು ಕೈಗೆ ಸಿಗುವಂತೆ ರಾಜ್ಯ ಸರ್ಕಾರ ನೋಡಿಕೊಳ್ಳಬೇಕು. ಸರ್ಕಾರದಿಂದ ಸಬ್ಸಿಡಿ ಪಡೆಯುವ ಸ್ಟುಡಿಯೊ ಸಂಬಳ ಬಾಕಿ ಇಟ್ಟಿಲ್ಲ ಎಂಬ ಪ್ರಮಾಣಪತ್ರ ಕೊಡುವುದು ಕಡ್ಡಾಯವಾಗಲಿ. ಮಕ್ಕಳ ಚಿತ್ರಗಳನ್ನು ಕನ್ನಡಕ್ಕೆ ತರುವವರಿಗೂ ಆ ನೀತಿಯಲ್ಲಿ ಒಂದು ಪ್ರೋತ್ಸಾಹ ಇರಲಿ.

ಸೇರುವ ಮೊದಲು ಕೇಳಿ

ಸರ್ಕಾರ ಮಾಡುವುದನ್ನು ಮಾಡಲಿ, ನಮ್ಮ ಕೈಯಲ್ಲಿರುವುದೂ ಇದೆ. ಈ ವರ್ಷ ಅನಿಮೇಷನ್ ಅಥವಾ ವಿಎಫ್‌ಎಕ್ಸ್ ಕೋರ್ಸಿಗೆ ಹೋಗಬೇಕೆಂದಿರುವವರು ಬೇಡವೆಂದು ಹಿಂದೆ ಸರಿಯಬೇಕಿಲ್ಲ, ಆದರೆ ಕೇಳಿ ಸೇರಿ. ‘ನೂರಕ್ಕೆ ನೂರು ಉದ್ಯೋಗ’ ಎಂದು ಬ್ಯಾನರ್ ಹಾಕಿದ ಸಂಸ್ಥೆಯನ್ನು, ಕಳೆದ ವರ್ಷ ಮುಗಿಸಿದ ನಾಲ್ಕು ಜನರ ಜೊತೆ ಮಾತಾಡಿಸಿ ಎಂದು ಕೇಳಿ. ಅವರು ಈಗ ಎಲ್ಲಿದ್ದಾರೆ, ಮೊದಲ ಸಂಬಳ ಎಷ್ಟಿತ್ತು, ಒಂದು ವರ್ಷದ ಮೇಲೂ ಅದೇ ಕ್ಷೇತ್ರದಲ್ಲಿ ಇದ್ದಾರೆಯೇ ಎಂದು ವಿಚಾರಿಸಿ. ಅಪ್ಪನ ಜಮೀನಿನ ಮೇಲೆ ಸಾಲ ತಂದು ಶುಲ್ಕ ಕಟ್ಟುವವರಿಗೆ ಇಷ್ಟು ಕೇಳುವ ಹಕ್ಕಿದೆ. ಕೆಲಸಕ್ಕೆ ಸೇರುವಾಗ ಬಾಂಡ್ ಇದ್ದರೆ ಸಹಿ ಹಾಕುವ ಮೊದಲು ಪೂರ್ತಿ ಓದಿ. ತರಬೇತಿಯ ಅವಧಿ ಎಂದು ಹೇಳಿ ತಿಂಗಳುಗಟ್ಟಲೆ ಬಿಟ್ಟಿ ದುಡಿಸಿಕೊಳ್ಳುವ ಜಾಗ ಮುಂದೆಯೂ ಹಾಗೆಯೇ ನಡೆಸಿಕೊಳ್ಳುತ್ತದೆ ಎಂದು ತಿಳಿಯಿರಿ. ಪಿಎಫ್ ಕಟ್ಟುತ್ತಾರೆಯೇ, ಸಂಬಳ ಬ್ಯಾಂಕಿಗೆ ಬರುತ್ತದೆಯೇ, ಚಿತ್ರ ಬಿಡುಗಡೆಯಾದ ಮೇಲೆ ನಿಮ್ಮ ಕೆಲಸವನ್ನು ಶೋರೀಲ್‌ನಲ್ಲಿ ತೋರಿಸಬಹುದೇ, ಇವುಗಳಿಗೆ ಬರಹದಲ್ಲಿ ಉತ್ತರ ಪಡೆಯಿರಿ.

ಸಾಫ್ಟ್‌ವೇರಿಗಿಂತ ಮೊದಲು ಪೆನ್ಸಿಲ್ ಕಲಿಯಿರಿ. ಸಾಫ್ಟ್‌ವೇರ್ ಮೂರು ವರ್ಷಕ್ಕೆ ಬದಲಾಗುತ್ತದೆ. ನಾಯಿ ಹಸಿದಾಗ ಕಿವಿ ಹೇಗೆ ಹಿಡಿಯುತ್ತದೆ, ಹೆದರಿದಾಗ ಬಾಲ ಎಲ್ಲಿ ಸೇರಿಸುತ್ತದೆ, ಗುರುತಿನವರನ್ನು ಕಂಡಾಗ ಬೆನ್ನಿನಿಂದ ಬಾಲದ ತುದಿಯವರೆಗೆ ಮೈ ಹೇಗೆ ಓಲಾಡುತ್ತದೆ ಎಂಬುದು ಬದಲಾಗುವುದಿಲ್ಲ. ಅದನ್ನು ಕಲಿಸಲು ಲಕ್ಷ ರೂಪಾಯಿಯ ಕೋರ್ಸ್ ಬೇಡ, ನಮ್ಮ ಬೀದಿಯ ಕೊನೆಯಲ್ಲಿ ಮಲಗಿರುವ ನಾಯಿಯೇ ಸಾಕು.

ಇನ್ನು ಕೆಲಸ ಮಾಡುತ್ತಿರುವವರಿಗೆ ಒಂದು ಮಾತು. ಒಬ್ಬರೇ ಕೇಳಿದರೆ ಅದು ಗೊಣಗಾಟ, ಹತ್ತು ಜನ ಸೇರಿ ಕೇಳಿದರೆ ಅದು ಬೇಡಿಕೆ. ಹಾಲಿವುಡ್‌ನ ಲೇಖಕರಿಗೂ ನಟರಿಗೂ ಸಂಘಗಳಿದ್ದವು. ಹಾಗಾಗಿಯೇ 2023ರಲ್ಲಿ ಅವರು ತಿಂಗಳುಗಟ್ಟಲೆ ಕೂತು ತಮ್ಮ ಒಪ್ಪಂದ ಬದಲಿಸಿಕೊಂಡರು. ಅದೇ ಮುಷ್ಕರದ ಬಿಸಿ ತಟ್ಟಿ ಕೆಲಸ ಕಳೆದುಕೊಂಡ ನಮ್ಮ ಗ್ರಾಫಿಕ್ಸ್ ಹುಡುಗರ ಪರವಾಗಿ ಮಾತಾಡಲು ಅಂಥ ಬಲವಾದ ಸಂಘ ಇರಲಿಲ್ಲ.

ಕೊನೆಯದಾಗಿ ನೋಡುಗರಾದ ನಮ್ಮೆಲ್ಲರ ಪಾಲು. ಚಿತ್ರ ಮುಗಿಯಿತೆಂದರೆ ಸಾಕು, ಬೈಕ್ ತೆಗೆಯಲು ಓಡುತ್ತೇವೆ. ಒಟಿಟಿಯಲ್ಲಾದರೆ ಹೆಸರುಗಳು ಬರುವ ಮೊದಲೇ ಮುಂದಿನ ಚಿತ್ರ ತಾನಾಗಿ ಶುರುವಾಗುತ್ತದೆ. ಒಮ್ಮೆ ಪೂರ್ತಿ ನಿಂತು ನೋಡಿ. ಆ ಸಣ್ಣ ಅಕ್ಷರಗಳ ನಡುವೆ ನಮ್ಮ ಊರ ಕಡೆಯ ಹೆಸರುಗಳು ಕಾಣುತ್ತವೆ. ಕಂಡರೆ ಒಂದು ಫೋಟೊ ತೆಗೆದು ಹಂಚಿಕೊಳ್ಳಿ. ಕಾಣದಿದ್ದರೆ ಏಕ ಕಾಣಲಿಲ್ಲ ಎಂದು ಕೇಳಿ. 1939ರಲ್ಲಿ ಒಂದು ಕುದುರೆಗಾಗಿ ಪ್ರೇಕ್ಷಕರು ದನಿ ಎತ್ತಿದ್ದರಿಂದಲೇ ಇಂದು ಸಿನಿಮಾದ ನಾಯಿ ಸುರಕ್ಷಿತವಾಗಿ ಮನೆಗೆ ಹೋಗುತ್ತಿದೆ. ಅದಕ್ಕೆ ಮಾತು ಕೊಟ್ಟವರೂ ಸಂಬಳ ಎಣಿಸಿಕೊಂಡು, ಹೊತ್ತಿಗೆ ಸರಿಯಾಗಿ ಮನೆಗೆ ಹೋಗುವಂತಾಗಲಿ.